ಹೊಸ ಸುಣ್ಣದ ಥಂಡಿ

ಕಾಶವ್ವ, ಆ ಗೋಡೆಯ ಬೂಷ್ಟು ನೀವು ಆ ಮನೆಯಲ್ಲಿ ಕಾಲಿಡುವ ಮೊದಲೇ ಇತ್ತು. ನಾನು ಅದನ್ನು ಕಣ್ಣಾರೆ ಕಂಡಿದ್ದೆ. ಕಂಡದ್ದಷ್ಟೇ ಅಲ್ಲ— ಆಳು ಹಚ್ಚಿ ಕೆರೆಸಿದೆ, ಮೇಲೆ ಸುಣ್ಣ ಬಳಿಸಿದೆ, ಮನೆ ಕೊಳ್ಳಲು ಬಂದ ನಿಮ್ಮ ಮಾವನವರ ಎದುರು ನಿಂತು ಗೋಡೆ ಒಣಗಿದೆ ಎಂದು ನಾಲಿಗೆ ತಡವರಿಸದೆ ಹೇಳಿದೆ. ಎರಡು ಮಳೆಗಾಲ ಕಳೆದ ಮೇಲೆ, ನಿಮ್ಮನ್ನು ತವರಿಗೆ ಅಟ್ಟುವ ಮಾತು ನಡೆದಾಗ, ಅದೇ ಸುಳ್ಳನ್ನು ನಿಮ್ಮ ಎದುರಿಗೇ ಇನ್ನೊಮ್ಮೆ ಹೇಳಿದೆ. ನಿಮ್ಮ ಕಾಲ್ಗುಣದಿಂದ ಆ ಮನೆ ಕೆಡಲಿಲ್ಲ. ಅದು ಕೆಟ್ಟೇ ಇತ್ತು. ಅದು ನನಗೆ ಗೊತ್ತಿತ್ತು.

ಇಷ್ಟೇ ವಿಷಯ. ಹೇಳಲು ನಾಲ್ಕು ಸಾಲು ಸಾಕಾಯಿತು. ಈ ನಾಲ್ಕು ಸಾಲು ಹೊರಬೀಳಲು ನನಗೆ ಒಂದು ಆಯುಷ್ಯವೇ ಬೇಕಾಯಿತು— ಅದರಲ್ಲೇ ನನ್ನ ಯೋಗ್ಯತೆ ಏನೆಂದು ನಿಮಗೆ ತಿಳಿದೀತು. ಆದರೂ ಉಳಿದದ್ದನ್ನು ಹೇಳುತ್ತೇನೆ. ಸುಳ್ಳನ್ನು ವಿವರವಾಗಿ ಹೇಳಿದವನು ನಿಜವನ್ನು ಚುಟುಕಾಗಿ ಹೇಳಿ ಎದ್ದುಹೋಗಬಾರದು.

ಆಗ ನನಗೆ ಮೂವತ್ತೆರಡು. ಸಂಸ್ಥಾನ ಮುಂಬೈ ಸರಕಾರದಲ್ಲಿ ಸೇರಿಹೋಗಿ ಕೆಲವು ವರ್ಷಗಳಾಗಿದ್ದವು. ಜಮಖಂಡಿಯಲ್ಲಿ ನಾನು ಓವರ್ಸೀಯರ್. ರಸ್ತೆ, ಮೋರಿ, ಶಾಲೆಯ ಗೋಡೆ ಇವೇ ನನ್ನ ಪ್ರಪಂಚ. ತಲೆಯ ಮೇಲೆ ಸೋಲಾ ಹ್ಯಾಟು, ಸೈಕಲ್ಲಿಗೆ ಕಟ್ಟಿದ ಅಳತೆಯ ಟೇಪು. ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ ಅದರ ಆಯುಷ್ಯ ಹೇಳುತ್ತೇನೆಂದು ಊರ ಜನ ನಂಬಿದ್ದರು. ನಾನೂ ನಂಬಿದ್ದೆ. ಮನುಷ್ಯನನ್ನು ಕೆಡಿಸಲು ಇಷ್ಟು ಸಾಕು.

ರಬಕವಿಯ ಆ ಮನೆ ನನ್ನ ಸೋದರಮಾವನದು. ಅವರು ವಕೀಲರು. ತಂದೆಯಿಲ್ಲದ ನನ್ನನ್ನು ಅನ್ನ ಹಾಕಿ ಓದಿಸಿದವರು, ನೌಕರಿಗೆ ಹಚ್ಚಿದವರು. ಇದನ್ನು ಬರೆಯುವಾಗಲೇ ಕೈ ತಡೆಯುತ್ತದೆ, ಏಕೆಂದರೆ ಇದು ನೆವದಂತೆ ಕೇಳಿಸುತ್ತದೆ. ನೆವ ಅಲ್ಲ. ಋಣ ತೀರಿಸಲು ನಾನು ಸುಳ್ಳು ಹೇಳಲಿಲ್ಲ. ಯಾಕೆ ಹೇಳಿದೆ ಎಂಬುದನ್ನು ಮುಂದೆ ಹೇಳುತ್ತೇನೆ, ಅದು ಇನ್ನೂ ಹೇಸಿಗೆಯದು.

ಮಗ ಪುಣೆಯಲ್ಲಿ ನೆಲೆನಿಂತದ್ದರಿಂದ ಮಾವ ಮನೆ ಮಾರಿ ಹೊರಡುವವರಿದ್ದರು. ಮನೆ ನೋಡಲು ಗಂಭೀರವಾದದ್ದೇ. ಕಲ್ಲಿನ ಕಟ್ಟಡ, ಮಣ್ಣಿನ ಮಾಳಿಗೆ, ಮುಂದೆ ಅಗಲವಾದ ಪಡಸಾಲೆ, ನಾಲ್ಕು ಮಗ್ಗ ಹೂಡುವಷ್ಟು ಜಾಗ. ಆದರೆ ಹಿಂದಿನ ಖೋಲಿಯ ಉತ್ತರದ ಗೋಡೆ ರೋಗಿಷ್ಠ. ಅದರಾಚೆ ಹಿತ್ತಲಿನಲ್ಲಿ ಒಂದು ಹಳೆಯ ಹಗೇವು ಇತ್ತು. ಹಿಂದೆ ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಧಾನ್ಯ ತುಂಬುವುದು ನಿಂತ ಮೇಲೆ ಅದನ್ನು ತುಂಬಿ ಮುಚ್ಚದೆ, ಬಾಯಿಗೊಂದು ಚಪ್ಪಡಿ ಎಳೆದು ಮಣ್ಣು ಹಾಕಿ ಬಿಟ್ಟಿದ್ದರು. ಮಾಳಿಗೆಯ ನೀರೆಲ್ಲ ಅಲ್ಲೇ ಇಳಿಯುತ್ತಿತ್ತು. ಮಳೆಗಾಲದಲ್ಲಿ ಅದು ಬಾವಿಯಾಗುತ್ತಿತ್ತು, ದೀಪಾವಳಿಯ ತನಕ ಗೋಡೆ ಅದರಿಂದ ನೀರು ಕುಡಿಯುತ್ತಿತ್ತು. ಮಾವನ ಕಾಯಿದೆಯ ಪುಸ್ತಕಗಳು ಆ ಖೋಲಿಯಲ್ಲೇ ಹಸಿರುಗಟ್ಟಿ ಹೋದವು. ಅತ್ತೆಯ ರೇಷ್ಮೆ ಸೀರೆಗಳ ಮೇಲೆ ಕರಿ ಚುಕ್ಕೆ ಎದ್ದವು. ನಾನು ಶಾಲೆಗೆ ಹೋಗುತ್ತಿದ್ದಾಗ ಒಂದು ಮಳೆಗಾಲ ಅಲ್ಲಿ ಮಲಗಿ, ಎದೆ ಕಟ್ಟಿ, ಉಸಿರಿಗಾಗಿ ಬಾಯಿ ತೆರೆದವನು. ಅಂದಿನಿಂದ ಆ ಖೋಲಿಯಲ್ಲಿ ಯಾರೂ ಮಲಗುತ್ತಿರಲಿಲ್ಲ. ಬಾಗಿಲು ಎಳೆದುಕೊಂಡು, ಅಲ್ಲಿ ಖೋಲಿಯೇ ಇಲ್ಲವೆಂಬಂತೆ ಮರ್ಯಾದಸ್ಥರಾಗಿ ಬಾಳುತ್ತಿದ್ದೆವು.

ಎಂದರೆ, ಕಾಶವ್ವ, ಆ ಗೋಡೆ ಏನು ಮಾಡಬಲ್ಲದೆಂಬುದು ನನ್ನ ಎದೆಗೇ ಗೊತ್ತಿತ್ತು.

ಮದ್ದು ಏನೆಂಬುದೂ ಗೊತ್ತಿತ್ತು. ಹಗೇವು ಬಗೆದು ಕಲ್ಲು-ಗರಸು ತುಂಬಬೇಕು, ಮಾಳಿಗೆಯ ನೀರನ್ನು ಬೇರೆ ಕಡೆ ತಿರುಗಿಸಬೇಕು, ಗಾರೆಯ ಗಿಲಾಯಿ ಪೂರ್ತಿ ಕಿತ್ತು ಗೋಡೆಯನ್ನು ಒಂದು ಬೇಸಿಗೆ ಬರಿಮೈಯಲ್ಲಿ ಒಣಗಲು ಬಿಡಬೇಕು. ನಾನು ಮಾವನಿಗೆ ಇಷ್ಟನ್ನೂ ಹೇಳಿದೆ. ಅವರು ಅಡಿಕೆ ಕತ್ತರಿಸುತ್ತ ಕೇಳಿದರು. ಕೇಳಿ, ನಕ್ಕು, "ಬೇಸಿಗಿಯೊಳಗ ಯಾವ ಗೋಡಿನೂ ಒಣಗೇ ಇರ್ತದ. ಮಳಿಗಾಲಕ್ಕ ನಾವು ಪುಣೆದಾಗ ಇರ್ತೀವಿ" ಎಂದರು. ಕೊಳ್ಳುವವರು ಹಗಲಿಡೀ ಗಂಜಿಯ ವಾಸನೆಯಲ್ಲಿ ಇರುವ ನೇಕಾರರು, ಬೂಷ್ಟಿನ ವಾಸನೆ ಅವರ ಮೂಗಿಗೆ ಹತ್ತುವುದುಂಟೇ ಎಂದೂ ಸೇರಿಸಿದರು.

ನಾನೂ ನಕ್ಕೆ. ಅದನ್ನು ಬರೆದಿಡಬೇಕು— ನಾನೂ ನಕ್ಕೆ.

ಆಮೇಲೆ ನಾನು ಮಾಡಿದ್ದು ಕಲಿತವನ ಕೆಲಸ. ಮಾವ ಬರೀ ಸುಣ್ಣ ಬಳಿಸುವುದರಲ್ಲಿದ್ದರು. ಬರೀ ಸುಣ್ಣ ಬಳಿದರೆ ಮೊದಲ ಮೋಡಕ್ಕೇ ಕರಿ ಕಲೆ ಹೊರಗೆ ಹಣಿಕಿ ಹಾಕುತ್ತದೆ ಎಂದು ಹೇಳಿಕೊಟ್ಟವನು ನಾನು. ಗೋಡೆಯನ್ನು ಕರಣಿಯಿಂದ ಕೆರೆಸಿದೆ. ಆಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆರೆದ. ಮೈಲುತುತ್ತದ ನೀರು ಎರಡು ಸಲ ಹೊಡೆಸಿದೆ, ಗೋಡೆಯೆಲ್ಲ ನೀಲಿಯಾಯಿತು. ಅದರ ಮೇಲೆ ಗಟ್ಟಿ ಸುಣ್ಣ, ಮೂರು ಸಲ. ಬೂಷ್ಟನ್ನು ಕೆಲವು ತಿಂಗಳು ಅದು ತಡೆದೀತು, ಗೋಡೆಯ ನೀರನ್ನು ತಡೆಯಲಾರದು. ಅದೂ ನನಗೆ ಗೊತ್ತಿತ್ತು. ಕೆಲಸ ಮುಗಿದಾಗ ಖೋಲಿ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಹೊಳೆಯುತ್ತಿತ್ತು. ಇಡೀ ಮನೆಯಲ್ಲಿ ಅಷ್ಟು ಚೆಂದದ ಖೋಲಿ ಇನ್ನೊಂದಿರಲಿಲ್ಲ. ನನಗೆ ಹೆಮ್ಮೆಯಾಯಿತು. ಸರಕಾರಿ ಕೆಲಸದಲ್ಲಿ ನಾನು ಅಷ್ಟು ಶ್ರದ್ಧೆಯಿಂದ ಒಂದು ಗೋಡೆಯನ್ನೂ ನೋಡಿಕೊಂಡಿರಲಿಲ್ಲ.

ನಿಮ್ಮ ಮಾವ ಮಲ್ಲಪ್ಪನವರು ಮನೆ ನೋಡುವ ಮುಂಚೆ ಜಮಖಂಡಿಗೆ ಬಂದು ನನ್ನನ್ನು ಕಂಡರು. ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಇಂದು 'ಮಲ್ಲಪ್ಪನವರು' ಎಂದು ಬರೆಯುತ್ತಿದ್ದೇನೆ. ಅಂದು ಅವರು ನನಗೆ ಬರೀ ಮಲ್ಲಪ್ಪ. ಅವರು ನಿಂತು ರೀ ಎನ್ನುತ್ತಿದ್ದರು, ನಾನು ಕೂತು ನೀ ಎನ್ನುತ್ತಿದ್ದೆ. ತಲೆಮಾರಿನಿಂದ ಬಾಡಿಗೆ ಮನೆಯಲ್ಲಿ ನೇಯ್ದವರು, ಮೊದಲ ಸಲ ಸ್ವಂತದ ನೆಲದಲ್ಲಿ ಮಗ್ಗದ ಕುಣಿ ತೋಡುವ ಆಸೆ. ಗಂಜಿ ಹಚ್ಚಿದ ಹಾಸಿನ ನೂಲು ಹಸಿ ಗೋಡೆಯ ಪಕ್ಕ ಇದ್ದರೆ ನಾಲ್ಕು ದಿನಕ್ಕೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ತಮಗೆ ಬೇರೇನೂ ಬೇಡ, ಗೋಡೆ ಒಣಗಿದ್ದರೆ ಸಾಕು ಎಂದರು. ಆಮೇಲೆ ಅವರು ಆಡಿದ ಮಾತು ಇದು:

"ಅವರು ನಿಮ್ಮ ಸೋದರಮಾವ ಅನ್ನೂದು ಗೊತ್ತೈತ್ರಿ ಸಾಹೇಬರ. ಆದ್ರ ಕಲಿತ ಮಂದಿ ಗ್ವಾಡಿ ಮ್ಯಾಲ ಸುಳ್ಳ ಹೇಳೂದಿಲ್ಲ. ನೀವು ಛಲೋ ಐತಿ ಅಂದ್ರ ನಾ ಕಣ್ಣ ಮುಚ್ಚಿ ತಗೋತೇನಿ."

ಈ ಮಾತಿಗೆ ಒಬ್ಬ ಮನುಷ್ಯ ಕರಗಬೇಕು. ನನ್ನೊಳಗೆ ಎದ್ದದ್ದು ತಾತ್ಸಾರ. ಇಷ್ಟು ಸುಲಭವಾಗಿ ನಂಬುವವನು ಮೋಸ ಹೋಗಲೆಂದೇ ಹುಟ್ಟಿದವನು ಎಂದುಕೊಂಡೆ. ನಿಮಗೆ ಹೇಳಬೇಕಾದ ಹೇಸಿಗೆ ಇದೇ. ಮಾವನ ಋಣವಲ್ಲ, ಹಣದ ಆಸೆಯಲ್ಲ. ನಾನು ಅವರನ್ನು ಕೀಳೆಂದು ಬಗೆದಿದ್ದೆ. ಕೀಳೆಂದು ಬಗೆದವರಿಗೆ ನಿಜ ಹೇಳುವ ಅಗತ್ಯವೇ ಕಾಣುವುದಿಲ್ಲ— ಅದು ಪಾಪವೆಂದೂ ಅನ್ನಿಸುವುದಿಲ್ಲ.

ಚೈತ್ರದ ಬಿಸಿಲಿನಲ್ಲಿ ಅವರು ಮನೆ ನೋಡಲು ಬಂದರು. ಎಲ್ಲವನ್ನೂ ನೋಡಿ ಕೊನೆಗೆ ಆ ಖೋಲಿಗೆ ಬಂದರು. ಬಿಳಿ ಗೋಡೆಯ ಮುಂದೆ ನಿಂತು, ಚಪ್ಪಲಿ ಹೊರಗೆ ಬಿಟ್ಟವರು, ಬಲಗೈಯ ಅಂಗೈಯನ್ನು ಮೆಲ್ಲಗೆ ಗೋಡೆಗೆ ಒತ್ತಿದರು. ನೂಲಿನ ತೇವವನ್ನು ಬೆರಳಲ್ಲೇ ಅಳೆಯುವ ಕೈ ಅದು. ನನ್ನ ಟೇಪಿಗಿಂತ, ನನ್ನ ಪುಸ್ತಕಕ್ಕಿಂತ ಆ ಕೈ ಚೆನ್ನಾಗಿ ಬಲ್ಲದು. ಅವರು ಕೈ ಸರಿಸಿ ಇನ್ನೊಂದು ಕಡೆ ಒತ್ತಿ, "ಒಂದೀಟು ತಣ್ಣಗ ಐತ್ರಿ" ಎಂದರು.

ನಾನು ಹೇಳಿದೆ: "ಹೊಸ ಸುಣ್ಣದ ಥಂಡಿ ಮಲ್ಲಪ್ಪ. ನಾಕ ದಿನಕ್ಕ ಆರ್ತದ. ಗೋಡಿ ಗಟ್ಟಿ ಅದ."

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ತಮ್ಮ ಕೈಯನ್ನೇ ಒಮ್ಮೆ ನೋಡಿಕೊಂಡರು, ಅದೇ ತಪ್ಪು ಮಾಡಿತೆಂಬಂತೆ. ಆಮೇಲೆ ಆತು ರೀ ಎಂದರು.

ಮಾವ ಹೊರಡುವ ದಿನ ಅತ್ತೆ ನನ್ನನ್ನು ಅಡಿಗೆಮನೆಗೆ ಕರೆದರು. ಆ ಹೆಂಗಸು ಗಂಡನ ಎದುರು ಎಂದೂ ಮಾತೆತ್ತಿದವರಲ್ಲ. ಅಂದು ಮಾತ್ರ, ಡಬ್ಬಿಗಳನ್ನು ಕಟ್ಟುತ್ತಲೇ, ನನ್ನ ಮುಖ ನೋಡದೆ, "ಆ ಖೋಲಿಯೊಳಗ ಯಾರನ್ನೂ ಮಲಗಿಸಬ್ಯಾಡ್ರಿ ಅಂತ ಅವರಿಗೆ ಇಷ್ಟಾದ್ರೂ ಹೇಳಪಾ" ಎಂದರು. ನಾನು ಹೂಂ ಎಂದೆ.

ಇಷ್ಟಾದರೂ. ಇಷ್ಟನ್ನೂ ನಾನು ಹೇಳಲಿಲ್ಲ. ಆ ಒಂದು ಮಾತು ಹೇಳಲು ಮನೆ ಮಾರಾಟ ಮುರಿಯಬೇಕಿರಲಿಲ್ಲ, ಮಾವನ ಹೆಸರು ಕೆಡಬೇಕಿರಲಿಲ್ಲ. ರಬಕವಿಗೆ ವಾರಕ್ಕೊಮ್ಮೆ ಹೋಗುತ್ತಲೇ ಇದ್ದೆ. ಆ ಖೋಲಿ ಮಲಗಲು ತಕ್ಕದ್ದಲ್ಲ ಎಂದು ಹಾದಿಯಲ್ಲಿ ಸೈಕಲ್ಲಿನಿಂದ ಇಳಿಯದೆಯೂ ಹೇಳಬಹುದಿತ್ತು. ಆದರೆ ಹಾಗೆಂದರೆ, ಯಾಕೆ ರೀ ಎಂದು ಕೇಳಿದರೆ— ನಾನು ಹೇಳಲಿಲ್ಲ.

ಆ ಜ್ಯೇಷ್ಠದಲ್ಲಿ ಗಲಗಲಿಯಿಂದ ನೀವು ಮಲ್ಲಪ್ಪನವರ ಮಗ ಈರಪ್ಪನ ಹೆಂಡತಿಯಾಗಿ ಬಂದಿರಿ. ಹೊಸ ಮದುಮಕ್ಕಳಿಗೆ ಆ ಮನೆಯಲ್ಲೇ ಎಲ್ಲಕ್ಕಿಂತ ಬೆಳ್ಳಗಿನ ಖೋಲಿಯನ್ನು ಕೊಟ್ಟರಂತೆ.

ಮುಂದಿನದನ್ನು ನೀವು ಬಾಳಿದವರು. ನಾನು ಮಂದಿಯ ಬಾಯಿಂದ ಕೇಳಿದವನು. ನಿಮಗೇ ನಿಮ್ಮ ಕತೆ ಹೇಳುವ ಉದ್ಧಟತನ ಬೇಡ. ಆದರೂ ನನಗೆ ಏನೇನು ಗೊತ್ತಿತ್ತು ಎಂಬುದು ನಿಮಗೆ ತಿಳಿದಿರಲಿ. ಶ್ರಾವಣಕ್ಕೆ ಗೋಡೆಯ ಬುಡದಲ್ಲಿ ಕರಿ ಚುಕ್ಕೆ ಕಂಡವು. ಗಂಜಿ ಹಚ್ಚಿ ಸುತ್ತಿಟ್ಟ ಹಾಸಿನ ನೂಲಿಗೆ ಬೂಷ್ಟು ಹತ್ತಿತು. ಕಲೆ ಬಿದ್ದ ಸೀರೆಗಳನ್ನು ವ್ಯಾಪಾರಿ ತಿರುಗಿ ಕಳಿಸಿದ. ನಿಮ್ಮ ಅತ್ತೆ ನೀಲವ್ವ ಲೆಕ್ಕ ಹಾಕಿದರು— ಬಾಡಿಗೆ ಮನೆಯಲ್ಲಿ ಇಷ್ಟು ವರ್ಷ ಇರದ ಪೀಡೆ ಈ ವರ್ಷ ಬಂತು. ಈ ವರ್ಷ ಹೊಸದಾಗಿ ಮನೆಗೆ ಬಂದವರು ಯಾರು? ನೀವು. ಗೋಡೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗೋಡೆ ಒಣಗಿದೆ ಎಂದು ಸಾಹೇಬರೇ ಹೇಳಿದ್ದರಲ್ಲ.

ನೀಲವ್ವನನ್ನು ಮೌಢ್ಯದ ಹೆಂಗಸು ಎಂದು ನಾನು ಬಹಳ ವರ್ಷ ಜರೆದೆ. ಕಾಲ್ಗುಣ, ದೃಷ್ಟಿ, ನಿಂಬೆಹಣ್ಣು ಎಂದು ಓದಿದ ಗೆಳೆಯರ ನಡುವೆ ಕೂತು ಅಂಥವರ ಬಗೆಗೆ ಹಾಸ್ಯ ಮಾಡಿದೆ. ಆ ಮೌಢ್ಯಕ್ಕೆ ಆಧಾರ ಒದಗಿಸಿದ್ದು ನನ್ನ ಓದು. ನನ್ನ ಸುಳ್ಳನ್ನು ನಿಜವೆಂದು ಹಿಡಿದರೆ ಅವರ ಲೆಕ್ಕ ಸರಿಯಾಗಿಯೇ ಇತ್ತು.

ನೀವು ನಸುಕಿನಲ್ಲೆದ್ದು ಗೋಡೆ ಒರೆಸುತ್ತಿದ್ದಿರಂತೆ. ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದಿರಂತೆ. ಒರೆಸಿದಷ್ಟೂ ಅದು ಮೇಲಕ್ಕೇರಿತು. ಹೊಲಸು ಹೆಂಗಸು ಎಂದರು. ಎರಡನೆಯ ಮಳೆಗಾಲಕ್ಕೆ ನಿಮಗೆ ಕೆಮ್ಮು ಹತ್ತಿತು. ಈರಪ್ಪ ಮಗ್ಗದ ಬದಿಗೆ ಹಾಸಿಗೆ ಒಯ್ದುಕೊಂಡ. ನಿಮ್ಮನ್ನು ಅಲ್ಲೇ ಬಿಟ್ಟ. ಆಗ ಊರೊಳಗೆ ಆ ಶಬ್ದ ಓಡಾಡಿತು: ಕ್ಷಯ. ಆ ಕಾಲದಲ್ಲಿ ಆ ಮಾತು ಬಾಯಿಂದ ಬಾಯಿಗೆ ಹೋದರೆ ಸಾಕು, ಡಾಕ್ಟರು ಬೇಕಿರಲಿಲ್ಲ.

ನಿಮ್ಮ ತಂದೆ ಗಲಗಲಿಯಿಂದ ಬಂದು ಜಗಳ ತೆಗೆದರು. ಮಗಳ ತಪ್ಪಲ್ಲ, ಗೋಡೆಯ ತಪ್ಪು ಎಂದರು. ಆ ಮನೆಯಲ್ಲಿ ನಿಜ ಆಡಿದ ಗಂಡಸು ಅವರೊಬ್ಬರೇ, ಅವರಿಗೆ ಓದು ಬರುತ್ತಿರಲಿಲ್ಲ. ಮಲ್ಲಪ್ಪನವರು, ಹಾಗಾದರೆ ನೋಡಿದವರನ್ನೇ ಕರೆಸೋಣ, ಅವರು ಹೇಳಿದ್ದಕ್ಕೆ ಇಬ್ಬರೂ ಒಪ್ಪೋಣ ಎಂದರು. ನನಗೆ ಹೇಳಿಕಳಿಸಿದರು.

ನಾನು ಹೋದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು, ಎರಡೂ ಕಡೆಯ ಹಿರಿಯರು ಕೂತಿದ್ದರು. ನನಗೊಬ್ಬನಿಗೇ ಕುರ್ಚಿ. ಬರುವಾಗ ದಾರಿಯುದ್ದಕ್ಕೂ ನಿಜ ಹೇಳಿಬಿಡುತ್ತೇನೆ ಎಂದುಕೊಂಡೇ ಬಂದಿದ್ದೆ— ಇದನ್ನು ನೀವು ನಂಬಬೇಕಿಲ್ಲ. ಕುರ್ಚಿಯ ಮೇಲೆ ಕೂತೊಡನೆ ಆ ನಿರ್ಧಾರ ಎಲ್ಲಿ ಹೋಯಿತೋ. ಎಲ್ಲರೂ ಕತ್ತೆತ್ತಿ ನನ್ನನ್ನು ನೋಡುತ್ತಿದ್ದರು. ಹಾಗೆ ನೋಡಿಸಿಕೊಳ್ಳುವ ರುಚಿ ಹತ್ತಿದವನು ಅದನ್ನು ಬಿಡಲಾರ. ನೀವು ನೋಡಿದಾಗ ಗ್ವಾಡಿ ಹೆಂಗಿತ್ರಿ ಎಂದು ಮಲ್ಲಪ್ಪನವರು ಕೇಳಿದರು. ನಾ ನೋಡಿದಾಗ ಒಣಗಿತ್ತು ಎಂದೆ. ನಿಮ್ಮ ತಂದೆಯ ತಲೆ ಕೆಳಗಾಯಿತು.

ಆಗ ನೀವು ಬಾಗಿಲಿಗೆ ಬಂದಿರಿ. ನಾನು ನಿಮ್ಮನ್ನು ಕಂಡದ್ದು ಅದೇ ಮೊದಲು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಕೈಯಲ್ಲೊಂದು ತೆಂಗಿನ ಪರಟೆ, ಅದರಲ್ಲಿ ಗೋಡೆಯಿಂದ ಕೆರೆದ ಸುಣ್ಣದ ಪುಡಿ. ಅದನ್ನು ಹೊಸ್ತಿಲ ಮೇಲಿಟ್ಟಿರಿ. ಬಿಳಿಯ ನಡುವೆ ನೀಲಿ ಚೂರುಗಳು ಎದ್ದು ಕಾಣುತ್ತಿದ್ದವು.

"ಸಾಹೇಬರ, ಮ್ಯಾಲಿನ ಸುಣ್ಣಾ ಕೆರೆದ್ರ ಒಳಗ ನೀಲಿ ಬರತೈತ್ರಿ. ನಾ ಬರೂಕಿಂತ ಮದಲ ಇದನ್ನ ಹಚ್ಚಿದವರು ಯಾರ ರೀ?"

ದನಿ ಏರಿಸಲಿಲ್ಲ. ಅಳಲಿಲ್ಲ. ನಡುನಡುವೆ ಕೆಮ್ಮು ಬಂತು, ಅದನ್ನು ತಡೆದುಕೊಂಡು ಕೇಳಿದಿರಿ. ಆ ಇಡೀ ಪಡಸಾಲೆಯಲ್ಲಿ, ನನ್ನನ್ನೂ ಸೇರಿಸಿ, ಬುದ್ಧಿ ಉಪಯೋಗಿಸಿದ ಮನುಷ್ಯರು ನೀವೊಬ್ಬರೇ. ನನ್ನ ಕೈಕೆಲಸವನ್ನು ಪದರು ಪದರಾಗಿ ಬಿಡಿಸಿ ನನ್ನ ಮುಂದೆಯೇ ಇಟ್ಟಿದ್ದಿರಿ. ನಾನು ಪರಟೆಯನ್ನು ನೋಡಿದೆ. ನಿಮ್ಮ ಮುಖ ನೋಡಲಿಲ್ಲ.

"ಹಳೇ ಮನಿ. ಯಾವ ಕಾಲಕ್ಕ ಯಾರು ಹಚ್ಚಿದ್ರೋ, ಹೆಂಗ ಹೇಳಲಿಕ್ಕೆ ಬರ್ತದ" ಎಂದೆ.

ಗೋಡೆ ಕೆರೆದು ಕೆಡಿಸಿದ್ದೇ ಇವಳು ಎಂದು ನೀಲವ್ವ ಅಂದರು. ಹಿರಿಯರ ಮುಂದೆ ಬಾಯಿ ಮಾಡುತ್ತಾಳೆ ಎಂದು ಇನ್ನಾರೋ ಅಂದರು. ನಾನು ಇನ್ನೇನಾದರೂ ಹೇಳಿಯೇನೆಂದು ಕಾದಿರೇನೋ— ಆಮೇಲೆ ಪರಟೆ ಎತ್ತಿಕೊಂಡು ಒಳಗೆ ಹೋದಿರಿ. ನನಗೆ ಚಹಾ ತಂದರು. ನಾನು ಕುಡಿದೆ.

ಮರುದಿನ ತಂದೆಯ ಗಾಡಿಯಲ್ಲಿ ನಿಮ್ಮನ್ನು ಗಲಗಲಿಗೆ ಕಳಿಸಿದರು. ಎರಡು ತಿಂಗಳಲ್ಲಿ ನಿಮ್ಮ ಕೆಮ್ಮು ನಿಂತಿತೆಂದು ಕೇಳಿದೆ. ಹೊಳೆದಂಡೆಯ ಹೊಲದಲ್ಲಿ ದುಡಿಯುತ್ತೀರಂತೆ, ಗಟ್ಟಿಮುಟ್ಟಾಗಿದ್ದೀರಂತೆ. ಕ್ಷಯ ಎರಡು ತಿಂಗಳಲ್ಲಿ ತಾನಾಗಿ ಹೋಗುತ್ತದೆಯೇ ಎಂದು ರಬಕವಿಯಲ್ಲಿ ಯಾರೂ ಕೇಳಿಕೊಳ್ಳಲಿಲ್ಲ. ಕರೆಯಲು ಯಾರೂ ಬರಲಿಲ್ಲ. ವರ್ಷದೊಳಗೆ ಈರಪ್ಪನಿಗೆ ಇನ್ನೊಂದು ಮದುವೆ ಮಾಡಿದರು.

ಮುಂದಿನ ಮಳೆಗಾಲ ಹೊಸ ಸೊಸೆಗೂ ಕೆಮ್ಮು ಬಂತು. ಅವಳು ಉಳ್ಳವರ ಮನೆಯವಳು, ಅವಳ ಕಾಲ್ಗುಣದ ಮಾತು ಎತ್ತುವ ಹಾಗಿರಲಿಲ್ಲ. ಆಗ ಗೋಡೆ ಒಡೆಸಲು ಗೌಂಡಿಯನ್ನು ಕರೆಸಿದರು. ನೋಡಿ ಹೇಗಿದೆ ನ್ಯಾಯ— ಒಬ್ಬ ಬಡವನ ಮಗಳು ಕೆಮ್ಮಿದರೆ ಅವಳ ಕಾಲನ್ನು ನೋಡುತ್ತಾರೆ. ಉಳ್ಳವನ ಮಗಳು ಕೆಮ್ಮಿದರೆ ಗೋಡೆಯನ್ನು ನೋಡುತ್ತಾರೆ. ಗೌಂಡಿ ಹಿತ್ತಲಲ್ಲಿ ಗುದ್ದಲಿ ಹಾಕಿದ. ಚಪ್ಪಡಿ ಸಿಕ್ಕಿತು. ಸರಿಸಿ ನೋಡಿದರೆ ಹಗೇವಿನ ತುಂಬ ನೀರು.

ಮಲ್ಲಪ್ಪನವರು ಜಮಖಂಡಿಗೆ ಬಂದರು. ಬೈಯಲೆಂದೇ ಬಂದಿದ್ದಾರೆ ಎಂದುಕೊಂಡೆ. ಬೈದಿದ್ದರೆ— ಅಂದು ಅವರು ನನ್ನ ಅಂಗಿ ಹಿಡಿದು ಎಳೆದಿದ್ದರೆ ನಿಮಗೂ ಒಳ್ಳೆಯದಾಗುತ್ತಿತ್ತು, ನನಗೂ. ಅವರು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಟೋಪಿಯನ್ನು ತಿರುವುತ್ತಿದ್ದರು. ಹಗೇವು ಇದ್ದುದು ನನಗೆ ಗೊತ್ತಿತ್ತೇ ಎಂದು ಕೂಡ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತಿತ್ತು. ಉತ್ತರ ಬಂದರೆ ಗಲಗಲಿಗೆ ಹೋಗಿ ನಿಮ್ಮ ತಂದೆಯ ಎದುರು ತಲೆ ತಗ್ಗಿಸಬೇಕಾಗುತ್ತಿತ್ತು. ಕೊನೆಗೆ ಇಷ್ಟು ಹೇಳಿದರು: "ಆಗಿದ್ದು ಆತ್ರಿ ಸಾಹೇಬರ. ಈಗ ಇದನ್ನ ಹೊರಗ ತಗದ್ರ ನಮ್ಮ ಮನಿ ಮರ್ಯಾದಿ ಹೊಕ್ಕೈತಿ. ನಿಮ್ಮದೂ ಹೊಕ್ಕೈತಿ."

ಖರೆ ಎಂದೆ. ಇಬ್ಬರೂ ಎದ್ದು ಹೋಟೆಲಿಗೆ ಹೋಗಿ ಚಹಾ ಕುಡಿದೆವು. ಅಂದು ಮೊದಲ ಸಲ ನಾನು ಅವರನ್ನು ರೀ ಎಂದು ಮಾತಾಡಿಸಿದೆ. ಅಲ್ಲಿಯ ತನಕ ಅವರನ್ನು ಕೀಳೆಂದುಕೊಂಡವನಿಗೆ, ಅವರೂ ನನ್ನಷ್ಟೇ ಹೇಡಿಯಾದ ಕ್ಷಣದಲ್ಲಿ ಗೌರವ ಹುಟ್ಟಿತು. ಎರಡು ಮನೆಗಳ ಮರ್ಯಾದೆ ಎರಡು ಕಪ್ಪು ಚಹಾದಲ್ಲಿ ಉಳಿಯಿತು. ನಿಮ್ಮ ಹೆಸರನ್ನು ಇಬ್ಬರಲ್ಲಿ ಒಬ್ಬರೂ ಎತ್ತಲಿಲ್ಲ.

ಇನ್ನೊಮ್ಮೆ ನಾವು ಎದುರಾದದ್ದು ನಿಮಗೆ ನೆನಪಿದ್ದೇ ಇದೆ. ಹತ್ತು ವರ್ಷ ಕಳೆದಿರಬೇಕು. ರಾಜ್ಯ ಬದಲಾಗಿತ್ತು, ನನಗೆ ಬಡ್ತಿ ಸಿಕ್ಕಿತ್ತು. ಬೀಳಗಿಯ ಕಡೆ ಒಂದು ರಸ್ತೆ ನೋಡಲು ಹೋದವನು ಗಲಗಲಿಯಲ್ಲಿ ಹೊಳೆ ದಾಟಲು ನಾವೆ ಹತ್ತಿದೆ. ಬದನೆಕಾಯಿಯ ಬುಟ್ಟಿ ಮುಂದಿಟ್ಟುಕೊಂಡು ನೀವು ಕೂತಿದ್ದಿರಿ. ನನಗೆ ಗುರುತು ಹತ್ತಲಿಲ್ಲ. ನಿಮಗೆ ಹತ್ತಿತ್ತು. ನಿಮ್ಮ ಪಕ್ಕದ ಮುದುಕಿ, ನೀವು ದುಡಿದ ದುಡ್ಡಿನಲ್ಲಿ ಆ ವರ್ಷ ಎರಡು ಖೋಲಿಯ ಮನೆ ಕೊಂಡದ್ದನ್ನು ಯಾರಿಗೋ ಹೊಗಳಿ ಹೇಳುತ್ತಿದ್ದಳು. ಆಷಾಢದ ಜಡಿಮಳೆಯಲ್ಲಿ ಈಕೆ ಮೂರು ಸಲ ಹೋಗಿ ಗೋಡೆ ಮುಟ್ಟಿ ನೋಡಿ ಬಂದಳಂತೆ, ಬೇಸಿಗೆಯಲ್ಲಿ ಮನೆ ನೋಡುವುದು ನೋಡಿದ್ದಲ್ಲ ಅನ್ನುತ್ತಾಳೆ ಎಂದು ನಗುತ್ತಿದ್ದಳು. ಆಗ ನನಗೆ ನೀವು ಯಾರೆಂದು ತಿಳಿಯಿತು. ನಾನು ನೀರಿನ ಕಡೆ ತಿರುಗಿ ಕೂತೆ.

ನಾವೆ ದಂಡೆಗೆ ಬಂದಾಗ ನೀವು ಬುಟ್ಟಿ ಎತ್ತಿಕೊಳ್ಳುತ್ತ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಿರಿ: "ಯಾರು ಹಚ್ಚಿದ್ರು ಅನ್ನೂದು ನನಗ ಅವತ್ತ ಗೊತ್ತಿತ್ರಿ. ನಿಮ್ಮ ಉಗುರಿನ್ಯಾಗ ನೀಲಿ ಇರಲಿಲ್ಲ, ಮಾರಿಮ್ಯಾಲ ಇತ್ತು. ನನಗ ಗೊತ್ತಿದ್ದು ಉಪೇಗ ಇಲ್ರಿ. ನೀವು ಹೇಳಬೇಕಿತ್ತು."

ಅಷ್ಟು ಸಾಕಾಗಿತ್ತು ಒಬ್ಬ ಮನುಷ್ಯನಿಗೆ. ನಾನು ರಸ್ತೆಯ ಕೆಲಸ ಇದೆಯೆಂದು ಏನೋ ಗೊಣಗಿ, ಮರಳಿನಲ್ಲಿ ಕಾಲು ಹೂತುಹೋಗುತ್ತಿದ್ದರೂ ಬೇಗ ಬೇಗ ನಡೆದೆ. ಆಮೇಲೆ ಮತ್ತೆ ಕಾದೆ. ಮಾವ ಪುಣೆಯಲ್ಲಿ ತೀರಿಕೊಳ್ಳಲಿ ಎಂದು ಕಾದೆ. ನಾನು ನಿವೃತ್ತನಾಗಲಿ ಎಂದು ಕಾದೆ. ಮಲ್ಲಪ್ಪನವರು ಹೋದರು, ನೀಲವ್ವ ಹೋದರು, ನನ್ನ ಹೆಂಡತಿಯೂ ಹೋದಳು— ಅವಳಿಗೂ ಹೇಳಿರಲಿಲ್ಲ. ಈಗ ಎಪ್ಪತ್ತು ದಾಟಿದೆ. ನನ್ನ ಕೂದಲೂ ಕೊಂಕದ ಕಾಲ ಬಂದ ಮೇಲೆ ನನಗೆ ಧೈರ್ಯ ಬಂದಿದೆ. ಇದನ್ನು ಧೈರ್ಯವೆಂದು ಕರೆಯುವವರಿದ್ದರೆ ಅವರನ್ನು ನಂಬಬೇಡಿ.

ಹೋದ ಸೋಮವಾರ ರಬಕವಿಗೆ ಹೋಗಿದ್ದೆ. ಈರಪ್ಪ ಬದುಕಿದ್ದಾನೆ, ಮೊಮ್ಮಕ್ಕಳಾಗಿದ್ದಾರೆ. ಅವನನ್ನು ಕರೆದುಕೊಂಡು ಓಣಿಯ ಹಿರಿಯರು ಕೂಡುವ ಕಟ್ಟೆಗೆ ಹೋಗಿ, ಅವರೆಲ್ಲರ ಎದುರು ಇಷ್ಟನ್ನೂ ಹೇಳಿದೆ. ಗೋಡೆಯ ಮಾತು, ಹಗೇವಿನ ಮಾತು, ನನ್ನ ಅತ್ತೆ ಹೇಳಿದ್ದನ್ನು ಹೇಳದೆ ಬಿಟ್ಟದ್ದು, ನೀವು ಕೇಳಿದ್ದು, ನಾನು ಹೇಳಿದ್ದು, ಮಲ್ಲಪ್ಪನವರ ಜೊತೆ ಕುಡಿದ ಚಹಾ. ನಿಮ್ಮ ಹೆಸರು ಹಿಡಿದು, ನಿಮ್ಮ ತಂದೆಯ ಹೆಸರು ಹಿಡಿದು ಹೇಳಿದೆ. ಈರಪ್ಪ ನೆಲ ನೋಡುತ್ತ ಕೂತಿದ್ದ. ಉಗುಳಬಹುದು, ಬಡಿಗೆ ಎತ್ತಬಹುದು ಎಂದುಕೊಂಡಿದ್ದೆ.

ಏನೂ ಆಗಲಿಲ್ಲ. ಒಬ್ಬ ಹಿರಿಯರು ಎದ್ದು ನನ್ನ ಕೈ ಹಿಡಿದರು. "ಹೋಗ್ಲಿ ಬಿಡ್ರಿ ಸಾಹೇಬರ. ಹಳೇ ಮಾತು. ಇಷ್ಟ ದೊಡ್ಡವರಾಗಿ ನೀವಾಗೇ ಬಂದು ಹೇಳಿದ್ರೆಲ್ಲ, ಅದು ದೊಡ್ಡ ಗುಣ" ಎಂದರು. ಉಳಿದವರು ಹೌದೌದು ಎಂದರು. ಯಾರೋ ಎಲೆ-ಅಡಿಕೆ ಮುಂದಿಟ್ಟರು. ಬಸ್ಸಿಗೆ ಇನ್ನೂ ಹೊತ್ತಿದೆ, ಊಟ ಮಾಡಿ ಹೋಗಿರಿ ಎಂದರು.

ಕೆಮ್ಮಿದ್ದಕ್ಕೆ, ಒಂದು ಪ್ರಶ್ನೆ ಕೇಳಿದ್ದಕ್ಕೆ ಒಬ್ಬ ಹುಡುಗಿಯನ್ನು ಆಯುಷ್ಯವಿಡೀ ಕ್ಷಮಿಸದ ಊರು ನನ್ನನ್ನು ಒಂದು ಎಲೆ ಮಡಿಸುವಷ್ಟರಲ್ಲಿ ಕ್ಷಮಿಸಿತು. ನಾನು ಊಟ ಮಾಡಲಿಲ್ಲ. ಎಲೆ ಮುಟ್ಟಲಿಲ್ಲ. ಅದೇನು ದೊಡ್ಡದಲ್ಲ, ತಡವಾಗಿ ಬಂದ ನಾಚಿಕೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಬರೆಯತೊಡಗಿದೆ.

ನಾನು ಗಲಗಲಿಗೆ ಬರುವುದಿಲ್ಲ, ಕಾಶವ್ವ. ಬಂದರೆ ನೀವು ನೀರು ಕೊಡಬೇಕಾಗುತ್ತದೆ, ಮುದುಕನೆಂದು ಜಗಲಿಯ ಮೇಲೆ ಕೂರಿಸಬೇಕಾಗುತ್ತದೆ, ನಾಲ್ಕು ಜನ ಕೂಡಿ ನಿಮಗೆ ಬುದ್ಧಿ ಹೇಳುತ್ತಾರೆ— ಪಾಪ, ಇಷ್ಟು ದೂರ ಬಂದಿದ್ದಾರೆ, ಬಿಟ್ಟುಬಿಡಬೇ ಅನ್ನುತ್ತಾರೆ. ಈ ಕಾಗದ ನಿಮ್ಮ ತಮ್ಮನ ಮಗನ ಕೈಗೆ ಸೇರುತ್ತದೆ. ಓದಿಸಿ ಕೇಳಿ, ಇಲ್ಲವೇ ಒಲೆಗೆ ಹಾಕಿ. ರಬಕವಿಯವರು ಕೈಯೆತ್ತಿ ಕೊಟ್ಟುಬಿಟ್ಟ ಆ ಕ್ಷಮೆ ಅವರದಲ್ಲ. ಅದು ನಿಮ್ಮದು. ನೀವು ಅದನ್ನು ಯಾರಿಗೂ ಕೊಡಬೇಕಾಗಿಲ್ಲ.